ಚುಕ್ಕೆ ಬಿದ್ದ ಜಾಗ

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದವಳು. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಬರೆದು ತಂದಿದ್ದ ದೂರನ್ನು ಇನ್ಸ್‌ಪೆಕ್ಟರನ ಮೇಜಿನ ಮೇಲಿಟ್ಟಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಅವಳ ತಂದೆ ಊರಾಚೆಯ ಮುಚ್ಚಿದ ಇಟ್ಟಿಗೆ ಕಾರ್ಖಾನೆಯ ಕಾವಲುಗಾರ. ಹನ್ನೆರಡರ ಸಂಜೆ ಅಲ್ಲಿಯ ಮಣ್ಣಿನ ಗುಂಡಿಗೆ ಬಿದ್ದವನು ಮರುದಿನ ಬೆಳಗಾದ ಮೇಲೆ ಹಾಲಿನವನ ಕಣ್ಣಿಗೆ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಈಗ ಆಸ್ಪತ್ರೆಯಲ್ಲಿದ್ದ.

"ಕುಡಿದು ಬಿದ್ದ ಅಂತ ಮ್ಯಾನೇಜರ್ ಬರೆದುಕೊಟ್ಟಿದಾನೆ ಸಾರ್. ಅಪ್ಪ ಕುಡಿತ ಬಿಟ್ಟು ಆರು ವರ್ಷ ಆಯ್ತು."

"ಅವತ್ತೊಂದಿನ ಕುಡಿದಿರಬಹುದಲ್ಲಮ್ಮ?"

"ಅಪ್ಪಾನೂ ಅದನ್ನೇ ಕೇಳ್ತಿದಾರೆ ಸಾರ್. ಅವರಿಗೆ ಏನೂ ನೆನಪಿಲ್ಲ. 'ಎಲ್ರೂ ಹೇಳ್ತಿದಾರೆ ಅಂದ್ಮೇಲೆ ಕುಡಿದಿದ್ನೇನೋ, ನಿನಗೆ ಕೊಟ್ಟ ಮಾತು ತಪ್ಪಿದ್ನೇನೋ' ಅಂತ ಗೋಡೆ ಕಡೆ ಮುಖ ಮಾಡ್ಕೊಂಡಿದಾರೆ. ನನ್ನ ನೋಡ್ತಾ ಇಲ್ಲ. ನಿನ್ನೆಯಿಂದ ಊಟಾನೂ ಬೇಡ ಅಂತಾರೆ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ಯಾರ ಮೇಲಾದ್ರೂ ಅನುಮಾನ?"

"ಗೊತ್ತಿಲ್ಲ. ಆದ್ರೆ ಗುಂಡಿ ಹತ್ರ ಅಪ್ಪಂಗೆ ಏನೂ ಕೆಲಸ ಇಲ್ಲ ಸಾರ್. ಯಾರನ್ನೋ ಅಟ್ಟಿಸಿಕೊಂಡು ಹೋಗಿರಬೇಕು."

ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಜೀಪು ಹೊರಟಿತು. ಜೊತೆಗಿದ್ದ ಕಾನ್ಸ್‌ಟೇಬಲ್‌ಗೆ ಮೀಸೆ ಎಂದು ಹೆಸರು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿತ್ತು; ಹೆಸರು ಮಾತ್ರ ಹಾಗೇ ಉಳಿದಿತ್ತು.

ಕಾರ್ಖಾನೆಯ ಗೇಟಿನಲ್ಲಿ ಮ್ಯಾನೇಜರ್ ಕಾದು ನಿಂತಿದ್ದ. "ನಾಯಿ ಬಾಲ ಡೊಂಕೇ ಅಲ್ವಾ ಸಾರ್. ಇದಕ್ಕೆಲ್ಲ ನೀವು ಬರಬೇಕಾ?"

"ಕುಡಿದಿದ್ದನ್ನ ನೀವು ನೋಡಿದ್ರಾ?"

"ಇಲ್ಲ."

"ವಾಸನೆ ಬಂತಾ?"

"ನಾನು ಬರೋ ಹೊತ್ತಿಗೆ ಆಸ್ಪತ್ರೆಗೆ ಸಾಗಿಸಿದ್ರು."

"ಮತ್ತೆ ಹೇಗೆ ಬರೆದುಕೊಟ್ರಿ?"

"ಅವನ ವಿಷಯ ಎಲ್ರಿಗೂ ಗೊತ್ತಿರೋದೇ ಅಲ್ವಾ ಸಾರ್."

ಇನ್ಸ್‌ಪೆಕ್ಟರನಿಗೆ ಕೆಟ್ಟ ಕೋಪ ಬಂತು. ಆದರೆ ಬೆಳಿಗ್ಗೆ ಆ ಮಗಳ ಮುಂದೆ ತಾನೂ ಇದೇ ಮಾತಾಡಿದ್ದು ನೆನಪಾಗಿ, ಬೈಯದೆ ಗುಂಡಿಯ ಕಡೆ ನಡೆದ.

ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಗುಂಡಿ ಎರಡಾಳು ಆಳ. ತಳದಲ್ಲಿ ಒಡೆದ ಟಾರ್ಚು. ಹಿಂದಿನ ಗೋಡೆ ಕುಸಿದ ಕಡೆ ಬೂಟಿನ ಗುರುತು ಒಳಮುಖವಾಗಿಯೂ ಇತ್ತು, ಹೊರಮುಖವಾಗಿಯೂ ಇತ್ತು. ಹೊರಗೆ ಹೋದ ಹೆಜ್ಜೆಗಳ ನಡುವೆ ಅಂತರ ಹೆಚ್ಚು. ಓಡಿದವನ ಹೆಜ್ಜೆ. ಗುಂಡಿಯ ಅಂಚಿನಲ್ಲಿ, ಸುತ್ತಲೂ ಬರೀ ಕೆಂಪು ಜೇಡಿಮಣ್ಣಿರುವಾಗ, ಹೊಳೆಯಲ್ಲಿ ಉರುಳಿ ನುಣುಪಾದ ಬಿಳಿ ಕಲ್ಲೊಂದು ಕೂತಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ಮೂವತ್ತನಾಲ್ಕು ಎಂದು ಬರೆದಿತ್ತು.

"ಕಲ್ಲಿಗೂ ನಂಬರ್ ಕೊಟ್ಟಿದಾರೆ ಸಾರ್, ನಮ್ಮ ಹಾಗೆ" ಎಂದ ಮೀಸೆ.

ಆದರೆ ಆ ಕಲ್ಲಿನ ಬೆನ್ನು ಬಿಡದವನೂ ಅವನೇ. ಅದರ ಚಿತ್ರ ಹಾಕಿ ಫೋನಿನಲ್ಲಿ ಹುಡುಕುತ್ತ ಹೋದಾಗ ಅಂಥವೇ ನಂಬರು ಬರೆದ ಕಲ್ಲುಗಳ ರಾಶಿ ಚಿತ್ರಗಳು ಒಂದೇ ಬಳಗದ ಪುಟದಲ್ಲಿ ಸಿಕ್ಕವು. ಬಳಗ ನಡೆಸುವವನು ಅದೇ ಊರಿನ ಕನ್ನಡಕದ ಅಂಗಡಿಯವನು. ಹದಿನೈದರ ಬೆಳಿಗ್ಗೆ ಇಬ್ಬರೂ ಅವನ ಮುಂದೆ ಕೂತಿದ್ದರು.

"ಫೋನು ಮ್ಯಾಪಿನ ಮೇಲೆ ಎಲ್ಲೋ ಒಂದು ಚುಕ್ಕೆ ಹಾಕುತ್ತೆ ಸಾರ್. ನಾವು ಆ ಜಾಗಕ್ಕೆ ಹೋಗ್ತೀವಿ" ಎಂದ ಅಂಗಡಿಯವನು.

"ಅಲ್ಲೇನಿರುತ್ತೆ?"

"ಏನೂ ಇರಲ್ಲ."

"ಮತ್ತೆ ಯಾಕೆ ಹೋಗ್ತೀರಿ?"

"ಹುಟ್ಟಿದಾಗಿಂದ ಎಲ್ಲಿಗೆ ಹೋದ್ರೂ ಒಂದು ಕೆಲಸ ಇದ್ದೇ ಇರುತ್ತಲ್ಲ ಸಾರ್. ಕೆಲಸ ಇಲ್ದೇ ಒಂದು ಕಡೆ ಹೋಗಿ ನಿಂತು ಬರೋದು. ಅಷ್ಟೇ."

"ಕೆಲಸ ಇಲ್ಲದ ಬಡಗಿ..." ಎಂದು ಗಾದೆ ತೆಗೆದ ಮೀಸೆ, ಇನ್ಸ್‌ಪೆಕ್ಟರನ ಕಣ್ಣು ನೋಡಿ ಬಾಯಿ ಮುಚ್ಚಿದ.

"ಈ ಕಲ್ಲು?"

"ಹೋದ ಜಾಗದಿಂದ ಒಂದು ಕಲ್ಲು ತಂದು, ಅದು ಎಷ್ಟನೇ ಜಾಗ ಅಂತ ನಂಬರ್ ಹಾಕಿ, ಮುಂದಿನ ಜಾಗದಲ್ಲಿ ಇಡಬೇಕು. ಅದು ನಮ್ಮ ಪದ್ಧತಿ. ಬೇರೆಯವರ ಜಾಗ ಆದ್ರೆ ಕೇಳಬೇಕು. ಬಿಡದಿದ್ರೆ 'ತಲುಪಲಿಲ್ಲ' ಅಂತ ಹಾಕಿ ಸುಮ್ನಾಗಬೇಕು. ಚುಕ್ಕೆ ಬಿದ್ದ ತಕ್ಷಣ ಪುಟದಲ್ಲಿ ತಾನೇ ಬರುತ್ತೆ, ಅಳಿಸೋಕೆ ಆಗಲ್ಲ."

"ಹನ್ನೆರಡನೇ ತಾರೀಖು ಯಾರ ಚುಕ್ಕೆ ಬಿದ್ದಿತ್ತು?"

ಒಬ್ಬನದೇ ಇತ್ತು. ದಾರಿಹೋಕ ಎಂದು ಅಡ್ಡಹೆಸರು ಇಟ್ಟುಕೊಂಡವನ ಮೂವತ್ತೈದನೆಯ ಜಾಗ. ಪಕ್ಕದಲ್ಲಿ 'ತಲುಪಲಿಲ್ಲ' ಎಂದಿತ್ತು. ಮಧ್ಯಾಹ್ನ ಆ ಚುಕ್ಕೆಯ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಫೋನಿಗೆ ಹಾಕಿ ಮೀಸೆ ಕಾರ್ಖಾನೆಯೊಳಗೆ ನಡೆದ. ಬಾಣದ ಗುರುತು ಅವನನ್ನು ಎಳೆದು ತಂದು ಗುಂಡಿಯ ಅಂಚಿನಲ್ಲಿ ನಿಲ್ಲಿಸಿತು.

"ತಾನು ತಲುಪಲಿಲ್ಲ ಅಂತಾನೆ ಸಾರ್, ಕಲ್ಲು ಮಾತ್ರ ತಲುಪಿದೆ."

ದಾರಿಹೋಕನ ಫೋನ್ ನಂಬರು ಅಂಗಡಿಯವನ ಹತ್ತಿರವಿತ್ತು. ಅದರ ಜಾಡು ಹಿಡಿದು ಹದಿನಾರರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಹೋಗಿ ನಿಂತದ್ದು ಒಂದು ದೊಡ್ಡ ಕಚೇರಿಯ ಮುಖ್ಯ ಲೆಕ್ಕಪರಿಶೋಧಕನ ಕೋಣೆಯಲ್ಲಿ. ಐವತ್ತು ದಾಟಿದ, ಇಸ್ತ್ರಿ ಕೆಡದ ಮನುಷ್ಯ. ಎದುರಿಗೆ ನೌಕರರ ಪ್ರಯಾಣದ ಬಿಲ್ಲುಗಳು. ಮೇಲಿನದರ ಮೇಲೆ ಕೆಂಪು ಶಾಯಿಯಲ್ಲಿ 'ಪ್ರಯಾಣದ ಉದ್ದೇಶ ತಿಳಿಸಿಲ್ಲ, ವಾಪಸ್' ಎಂದು ಬರೆದು ಸಹಿ ಮಾಡುತ್ತಿದ್ದ. ಕಲ್ಲಿನ ಫೋಟೋ ಮೇಜಿನ ಮೇಲೆ ಬಂದ ಕೂಡಲೇ ಎದ್ದು ಹೋಗಿ ಬಾಗಿಲು ಹಾಕಿದ.

"ಮೆತ್ತಗೆ ಮಾತಾಡಿ ಸಾರ್. ಹೊರಗೆ ಗುಮಾಸ್ತರಿದಾರೆ."

"ಕಲ್ಲು ನಿಮ್ಮದಾ?"

"ಹೌದು."

"ಗೇಟಲ್ಲಿ ಯಾಕೆ ಕೇಳಲಿಲ್ಲ?"

"ಗೇಟಿನವರೆಗೆ ಹೋಗಿದ್ದೆ. ಅವರು ರೇಡಿಯೋ ಕೇಳ್ತಾ ಕೂತಿದ್ರು. ಯಾಕೆ ಅಂತ ಕೇಳ್ತಾರಲ್ಲ... ನಾಚಿಕೆ ಆಗಿ ವಾಪಸ್ ಬಂದು ಹಿಂದಿನ ಗೋಡೆ ಹತ್ತಿದೆ. ಕಲ್ಲು ಇಟ್ಟು ಫೋಟೋ ತೆಗೆಯೋವಾಗ ಯಾರದು ಅಂತ ಓಡಿ ಬಂದು ನನ್ನ ಚೀಲ ಹಿಡಿದ್ರು. ನಾನು ಎಳೆದೆ. ಅವರ ಕಾಲು ಜಾರಿತು."

"ಕೂಗಿದ್ರಾ?"

ಅವನು ಬಿಲ್ಲುಗಳನ್ನು ನೋಡುತ್ತ ನಿಂತ. "'ಕೈ ಕೊಡಪ್ಪಾ' ಅಂದ್ರು."

"ನೀವೇನು ಮಾಡಿದ್ರಿ?"

"ಗೋಡೆ ದಾಟಿದ ಮೇಲೆ ಆಂಬುಲೆನ್ಸಿಗೆ ಫೋನ್ ಒತ್ತಿದ್ದೆ ಸಾರ್. ನೀವ್ಯಾಕೆ ಅಲ್ಲಿದ್ರಿ ಅಂತ ಕೇಳಿದ್ರೆ ಏನು ಹೇಳಲಿ ಅಂತ ಕಟ್ ಮಾಡಿದೆ. ಬೆಳಗಿನವರೆಗೂ ಕೈಯಲ್ಲಿ ಫೋನ್ ಹಿಡಿದುಕೊಂಡೇ ಕೂತಿದ್ದೆ."

"ಮನೇಲಿ ಏನು ಹೇಳ್ತಿದ್ರಿ?"

"ಆಫೀಸ್ ಕೆಲಸ ಅಂತ. ಹೆಂಡತಿ ನನಗೆ ಬೇರೆ ಸಂಬಂಧ ಇದೆ ಅಂದ್ಕೊಂಡಿದಾಳೆ. ಹಾಗೇ ಇರಲಿ ಅಂತ ಬಿಟ್ಟೆ. ಈ ವಯಸ್ಸಲ್ಲಿ ಯಾವುದೋ ಬಯಲಲ್ಲಿ ಕಲ್ಲು ಇಟ್ಟು ಬರ್ತೀನಿ ಅನ್ನೋಕಿಂತ ಅದೇ ಮೇಲು ಅನ್ನಿಸ್ತು."

ಹನ್ನೆರಡೂ ಇಪ್ಪತ್ತಕ್ಕೆ ದಸ್ತಗಿರಿಯಾಯಿತು. ಹಿಂದಿನ ಮೆಟ್ಟಿಲಿನಿಂದ ಕರೆದೊಯ್ಯಬೇಕೆಂದು ಅವನು ಬೇಡಿಕೊಂಡ. ಹಿಂದೆ ಮೆಟ್ಟಿಲಿರಲಿಲ್ಲ. ಗುಮಾಸ್ತರು ಕೆಲಸ ಬಿಟ್ಟು ಎದ್ದು ನಿಂತರು. ಅವನು ನೆಲ ನೋಡುತ್ತ ಅವರ ನಡುವೆ ನಡೆದ. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಗಾಯಾಳುವನ್ನು ಬಿಟ್ಟು ಓಡಿದ್ದಕ್ಕೆ ಕಾರಣ ಏನೆಂದು ಬರೆಯಲಿ ಎಂದು ಮೀಸೆ ಕೇಳಿದ. ಕಳ್ಳತನವಲ್ಲ, ದ್ವೇಷವಲ್ಲ. "ಅವನು ಹೇಳಿದ ಹಾಗೇ ಬರಿ. ನಾಚಿಕೆ" ಎಂದ ಇನ್ಸ್‌ಪೆಕ್ಟರ್. ಈ ಸಲ ಮೀಸೆಗೆ ಗಾದೆ ಯಾವುದೂ ನೆನಪಾಗಲಿಲ್ಲ.

ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋದ. ಮಗಳು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಮುದುಕನ ಮುಖ ಗೋಡೆ ಕಡೆಗಿತ್ತು.

"ನೀವು ಕುಡಿದಿರಲಿಲ್ಲ" ಎಂದ ಇನ್ಸ್‌ಪೆಕ್ಟರ್. "ಒಬ್ಬ ಗೋಡೆ ಹಾರಿ ಒಳಗೆ ಬಂದಿದ್ದ. ನೀವು ಅವನನ್ನ ಹಿಡಿದ್ರಿ. ಎಳೆದಾಟದಲ್ಲಿ ಬಿದ್ರಿ. ಅವನೇ ಒಪ್ಪಿಕೊಂಡಿದಾನೆ, ನಿಮ್ಮ ಹತ್ರ ಕುಡಿತದ ವಾಸನೆ ಇರಲಿಲ್ಲ ಅಂತಾನೂ ಹೇಳಿದಾನೆ. ನಾನೂ ಮೊದಲು ನಂಬಿರಲಿಲ್ಲ. ತಪ್ಪಾಯ್ತು."

ಮುದುಕ ನಿಧಾನವಾಗಿ ತಲೆ ಹೊರಳಿಸಿದ. ಪೊಲೀಸಿನವನನ್ನು ನೋಡಲಿಲ್ಲ, ಮಗಳನ್ನು ನೋಡಿದ. ಅವಳು ಅವನ ಕೈ ಹಿಡಿದುಕೊಂಡು ಅತ್ತಳು. ಅವನೂ ಅತ್ತ. ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿ ನಿಂತ.

ಸ್ವಲ್ಪ ಹೊತ್ತಿನ ಮೇಲೆ ಮುದುಕ ಕೇಳಿದ. "ಅಲ್ಲಿ ಕದಿಯೋಕೆ ಏನಿದೆ ಸಾರ್? ಯಾಕೆ ಬಂದಿದ್ನಂತೆ?"

ಹೇಳುವುದಕ್ಕೆ ಇನ್ಸ್‌ಪೆಕ್ಟರನಿಗೇ ನಾಚಿಕೆಯಾಯಿತು. ಆದರೂ ಚುಕ್ಕೆ, ಕಲ್ಲು ಎಲ್ಲವನ್ನೂ ಹೇಳಿದ. ಮುದುಕ ಕೊನೆಯವರೆಗೂ ಕೇಳಿಸಿಕೊಂಡ.

"ಅಷ್ಟೇನಾ? ಒಂದು ಮಾತು ಕೇಳಿದ್ರೆ ಗೇಟು ತೆಗೀತಿದ್ನಲ್ಲ ಸಾರ್. ಇಡೀ ದಿನ ಒಬ್ನೇ ಕೂತಿರ್ತೀನಿ, ಅಲ್ಲಿಗ್ಯಾರು ಬರ್ತಾರೆ? ನಾನೂ ಜೊತೇಲಿ ಹೋಗಿ ನೋಡ್ತಿದ್ದೆ."