ಸೊಸೆಯ ಕೈಯಲ್ಲಿ ಅತ್ತೆಯ ಗಂಟಲು

ಬಾಯಿಗಿಟ್ಟ ಎರಡನೆಯ ತುತ್ತನ್ನು ದುಂಡಮ್ಮ ತಟ್ಟೆಗೇ ಉಗುಳಿದಳು. ಎದೆಯ ನಡುವೆ ಮುಷ್ಟಿ ಒತ್ತಿಕೊಂಡು, ಕಮಲಾಪುರದ ಆ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಮದ್ದು ಹಾಕ್ಯಾಳ... ನನ್ನ ಸೊಸಿ ನನಗ ಮದ್ದು ಹಾಕ್ಯಾಳ! ಅದು ಎದ್ಯಾಗ ಕುಂತು ಅನ್ನ ಇಳ್ಯಾಕ ಬಿಡವಲ್ದು!"

ನೆರೆಯ ಹೆಂಗಸರು ಬಾಗಿಲಲ್ಲಿ ಬಂದು ನಿಂತರು. ರೊಟ್ಟಿ ಬಡಿಯುತ್ತಿದ್ದ ಸೊಸೆ ಮರೆಮ್ಮನ ಕೈ ನಿಂತಿತು. ಊಟದಲ್ಲಿ ಮದ್ದು ಬೆರೆಸಿದಳೆಂಬ ಮಾತು ಒಮ್ಮೆ ಹುಟ್ಟಿದರೆ ಸಾಕು, ಆ ಹೆಣ್ಣಿನ ಕೈಯ ನೀರನ್ನೂ ಯಾರೂ ಮುಟ್ಟರು. ಗಂಟು ಕಟ್ಟಿ ತವರಿಗೆ ಅಟ್ಟುತ್ತಾರೆ. ಆದರೆ ಸೆರಗಿನಲ್ಲಿ ಮುಖ ಮುಚ್ಚಿ ಅಳುವ ಹೆಣ್ಣಲ್ಲ ಮರೆಮ್ಮ. ಅತ್ತೆಯ ಎದೆಯುರಿ, ಹುಳಿತೇಗಿಗೆ ಮೂವತ್ತು ವರ್ಷ ವಯಸ್ಸು. ತಾನು ಈ ಮನೆಗೆ ಬಂದು ಇನ್ನೂ ನಾಲ್ಕು ವರ್ಷ! ಕೆಂಪು ಖಾರದ ರಂಜಕವಿಲ್ಲದೆ ಉಣ್ಣದ ಬಾಯಿ, ಉಂಡ ಕೈ ಆರುವ ಮೊದಲೇ ಚಾಪೆ ಹುಡುಕುವ ಮೈ, ಉರಿ ಎದ್ದರೆ ಸುಣ್ಣದ ತಿಳಿನೀರು... ಇದನ್ನೆಲ್ಲ ಅವಳು ದಿನಾ ಕಣ್ಣಾರೆ ಕಂಡಿದ್ದಳು.

ಮದ್ದು ಕೆಡಹುವವನನ್ನು ಕರೆಸಿದರು. ಅವನು ಕಹಿ ಕಷಾಯ ಕುಡಿಸಿ ಮೂರು ದಿನ ವಾಂತಿ ಮಾಡಿಸಿದ. ಮದ್ದಂತೂ ಬೀಳಲಿಲ್ಲ, ಅಲ್ಲಿಯವರೆಗೆ ಇಳಿಯುತ್ತಿದ್ದ ಮೆತ್ತನೆಯ ಅನ್ನವೂ ನಿಂತುಹೋಯಿತು. ಹಾಲಿನಲ್ಲಿ ಕಿವುಚಿದ ಕೆಂಬಾಳೆಹಣ್ಣೊಂದೇ ಗತಿಯಾಯಿತು. ಮಗ ಅಮೋಘಪ್ಪನದು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಪಾಡು. ತಾಯಿಗೆ ಎದುರಾಡಲಾರ, ಹೆಂಡತಿಯನ್ನು ಬಿಡಲಾರ. ಪಾಪ, ಮನೆಯಿಂದ ತಪ್ಪಿಸಿಕೊಳ್ಳಲು ದಿನವಿಡೀ ಎತ್ತು ತೊಳೆದ; ಆ ವಾರ ಅವನ ಎತ್ತುಗಳಷ್ಟು ಸ್ನಾನ ಮಾಡಿದ ಎತ್ತುಗಳು ಇಡೀ ನಿಜಾಮರ ರಾಜ್ಯದಲ್ಲಿ ಇರಲಿಲ್ಲ!

"ಗಾಡಿ ಕಟ್ರಿ," ಎಂದಳು ಮರೆಮ್ಮ. "ಅತ್ತಿನ್ನ ಕಲಬುರಗಿ ದವಾಖಾನಿಗಿ ಕರ್ಕೊಂಡು ಹೋಗೋಣು. ಇದು ಮದ್ದೇ ಅಂತ ಡಾಕ್ಟರ್ ಸಾಬ್ ಹೇಳಿದ್ರ, ನಾ ಅಲ್ಲಿಂದ್ಲೇ ತವರಿಗಿ ಹೋಗ್ತೀನಿ. ತಿರುಗಿ ಮಾರಿ ತೋರ್ಸಂಗಿಲ್ಲ."

ಡಾಕ್ಟರ್ ಲಾಲ್ ಅಹ್ಮದ್ ಹೈದರಾಬಾದಿನಲ್ಲಿ ಕಲಿತು ಬಂದವರು. ಎಲ್ಲ ಕೇಳಿ, ತೆಳ್ಳನೆಯ ರಬ್ಬರ್ ನಳಿಕೆಯೊಂದನ್ನು ಗಂಟಲಿಗೆ ಇಳಿಸಿ ನೋಡಿ, ನಕ್ಕುಬಿಟ್ಟರು.

"ಮದ್ದಿಲ್ಲ, ಗಿದ್ದಿಲ್ಲ ಅಮ್ಮಾ. ಹೊಟ್ಟ್ಯಾನ ಹುಳಿ ದಿನಾ ಮ್ಯಾಲ ಬಂದು ಅನ್ನನಾಳ ಸುಟ್ಟದ. ಸುಟ್ಟ ಗಾಯ ಮಾದು ಮಾದು ಅನ್ನ ಇಳಿಯೋ ದಾರಿ ಬಿಗದದ. ವಾಂತಿ ಮಾಡ್ಸಿ ಮತ್ತಷ್ಟು ಸುಟ್ಟೀರಿ! ಎಂಟು ದಿನಕ್ಕೊಮ್ಮಿ ದಪ್ಪಂದು, ಇನ್ನಾ ದಪ್ಪಂದು ನಳಿಕಿ ಹಾಕಿ ಹಿಗ್ಗಸ್ತೀನಿ. ಖಾರ ಬಂದ್. ಉಂಡ ಕೂಡ್ಲೆ ಮಲಗಾದು ಬಂದ್. ಫಿಕರ್ ಮಾಡಬ್ಯಾಡ್ರಿ, ರೊಟ್ಟಿ ಉಣ್ತೀರಿ."

ಕಲಬುರಗಿಯ ಪಕ್ಕದ ಕುಸನೂರಿನಲ್ಲಿ ನೆಂಟರ ಮನೆಯಲ್ಲಿ ಆರು ವಾರ ಉಳಿದರು. ಡಾಕ್ಟರು ಹೇಳಿದಂತೆಯೇ ಆಯಿತು. ಮೊದಲು ಗಂಜಿ ಇಳಿಯಿತು, ಆಮೇಲೆ ಅನ್ನ, ಕೊನೆಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ದುಂಡಮ್ಮ ಡಾಕ್ಟರರನ್ನು ದೇವರೆಂದಳು. ಸೊಸೆ ಬಡಿಸಿದ್ದನ್ನು ಮಾತ್ರ ಮುಟ್ಟಲಿಲ್ಲ!

ಹೊರಡುವ ವಾರ ಡಾಕ್ಟರರು ನಳಿಕೆಯನ್ನು ಮುಂದಿಟ್ಟರು. "ಬಿಟ್ರ ಮತ್ತ ಬಿಗೀತದ. ತಿಂಗಳಿಗೊಮ್ಮಿ ಮನ್ಯಾಗೇ ಹಾಕ್ಬೇಕು. ಯಾರು ಕಲೀತೀರಿ?"

ಅಮೋಘಪ್ಪ ಅದನ್ನು ಮುಟ್ಟಿದ್ದೇ ತಡ, ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ನಾ ಕಲೀತೀನ್ರೀ," ಎಂದಳು ಮರೆಮ್ಮ.

"ಇಕಿ ಕೈಯಾಗ ನನ್ನ ಗಂಟ್ಲಾ ಕೊಡ್ಲೇನು?" ಎಂದು ದುಂಡಮ್ಮ ಸಿಡುಕಿದಳು.

"ಕೊಡಬ್ಯಾಡ್ರಿ ಅತ್ತಿ. ಕಲಿಯಾದಂತೂ ಕಲೀತೀನಿ. ನಿಮಗ ಬೇಕಾದಾಗ ಕರೀರಿ."

ಬಿಸಿನೀರಲ್ಲಿ ತೊಳೆಯುವುದು, ಗ್ಲಿಸರಿನ್ ಸವರುವುದು, ಎಲ್ಲಿಯಾದರೂ ತಡೆದರೆ ಒತ್ತದೆ ಕಾಯುವುದು... ದವಾಖಾನೆಯ ಬೇರೆ ರೋಗಿಗಳಿಗೆ ಹಾಕಿಸಿ ಡಾಕ್ಟರರು ಕಲಿಸಿದರು; ಎರಡೇ ಸಲಕ್ಕೆ ಅವಳ ಕೈ ಪಳಗಿತು.

ಕಮಲಾಪುರಕ್ಕೆ ಬಂದು ತಿಂಗಳು ತುಂಬುವಷ್ಟರಲ್ಲಿ ದುಂಡಮ್ಮನಿಗೆ ಅನ್ನ ಮತ್ತೆ ಎದೆಯಲ್ಲಿ ನಿಂತಿತು. ಕಲಬುರಗಿಗೆ ಹೋಗಲೆಂದು ಅಮೋಘಪ್ಪ ಗಾಡಿ ಹೂಡಿದ. ದುಂಡಮ್ಮ ಹತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು, ತನ್ನ ಕರೆಗೆ ಕಾದು ಬಾಗಿಲಲ್ಲಿ ನಿಂತಿದ್ದ ಸೊಸೆಯತ್ತ ನೋಡಿದಳು.

"ಎತ್ತು ಬಿಚ್ಚಪ್ಪ," ಎಂದಳು ಮಗನಿಗೆ. "ಓಣಿ ಹೆಣ್ಮಕ್ಕಳನ್ನ ಕರ್ಕೊಂಡು ಬಾ. ಒಬ್ಬಾಕಿನೂ ಉಳೀಬಾರ್ದು."

ಎಲ್ಲರೂ ಬಂದು ನೆರೆದರು. ದುಂಡಮ್ಮ ಕಟ್ಟೆಯಿಂದೆದ್ದು ಅವರ ಮುಂದೆ ನಿಂತಳು.

"ಇಕಿ ನನಗ ಮದ್ದು ಹಾಕ್ಯಾಳ ಅಂತ ನಿಮ್ಮೆಲ್ಲಾರ ಮುಂದ ಒದರಿದ್ದೆ... ಸುಳ್ಳವ್ವಾ, ಎಲ್ಲಾ ಸುಳ್ಳು! ನನ್ನ ಹೊಟ್ಟ್ಯಾನ ಹುಳಿ ನನ್ನ ಸುಟ್ಟಿತ್ತು. ನಾ ಇಕಿನ್ನ ಸುಟ್ಟೆ!"

ಬಿಕ್ಕುತ್ತ ಅವಳು ಸೊಸೆಯತ್ತ ತಿರುಗಿದಳು. "ಮರೆವ್ವಾ, ಆ ನಳಿಕಿ ತಾ. ಇಲ್ಲೇ ಹಾಕು. ಎಲ್ಲಾರೂ ನೋಡ್ಲಿ."

ದೂರು ಹೊತ್ತಾಗ ಅಳದಿದ್ದ ಮರೆಮ್ಮನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಕೈ ಮಾತ್ರ ನಳಿಕೆ ತೊಳೆದು ಗ್ಲಿಸರಿನ್ ಸವರಿತು.

"ಮಾರಿ ಮ್ಯಾಲ ಮಾಡ್ರಿ ಅತ್ತಿ. ಉಸುರು ಆಡ್ಸಕೋತ ಇರ್ರಿ... ಹೆದರಬ್ಯಾಡ್ರಿ."

"ನಿನ್ನ ಕೈಯಾಗ ಎದರ ಹೆದರಿಕಿ?" ಎಂದು ದುಂಡಮ್ಮ ಕಣ್ಣು ಮುಚ್ಚಿ ಬಾಯಿ ತೆರೆದಳು.