ಮೂವತ್ತಾರು ತಿಂಗಳ ತಪಾಸಣೆ

ಹೊಸ ಮೇಡಂ ನಗುನಗುತ್ತಲೇ ಹೇಳಿದ್ದರು: "ನೀರಣ್ಣ, ನಾಳೆ ಊಟ ಆದ್ಮೇಲೆ ಸ್ಪ್ರಿಂಕ್ಲರ್ ರಿಜಿಸ್ಟರ್ ತನ್ನಿ. ಒಟ್ಟಿಗೆ ಕೂತು ನೋಡೋಣ." ನೀರಣ್ಣ ಹೂಂಗುಟ್ಟಿ ಹೊರಬಂದಿದ್ದ.

ಆರು ಮಹಡಿಯ ಆ ಕಚೇರಿಯಲ್ಲಿ ಚಾವಣಿಯ ಕೊಳವೆಗಳನ್ನೂ, ಶಾಖಕ್ಕೆ ಗಾಜೊಡೆದು ನೀರು ಚಿಮ್ಮುವ ಮೂತಿಗಳನ್ನೂ ನೋಡಿಕೊಳ್ಳುವವನು ಅವನೊಬ್ಬನೇ. ತಿಂಗಳಿಗೊಮ್ಮೆ ಪರೀಕ್ಷಿಸಿ ಬರೆಯಬೇಕು. ಮೂರು ವರ್ಷದಿಂದ ಅವನು ಪರೀಕ್ಷೆ ಬಿಟ್ಟು ಬರೆಯುವುದನ್ನಷ್ಟೇ ಮಾಡಿದ್ದ, ಅದೂ ಕೂತಲ್ಲೇ, ಚಹಾ ಹೀರುತ್ತಾ. ಬಣ್ಣ ಬಳಿಯಲೆಂದು ಟ್ಯಾಂಕ್ ಖಾಲಿ ಮಾಡಿದ್ದ ತಿಂಗಳಲ್ಲೂ "ನೀರಿನ ಒತ್ತಡ ಸರಿಯಾಗಿದೆ" ಎಂದು ಸಹಿ ಜಡಿದಿದ್ದ ಮಹಾನುಭಾವ! ಮೇಡಂ ಕಣ್ಣಿಗೆ ಅದು ಬಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ. ಐವತ್ತೆರಡರಲ್ಲಿ ಇನ್ಯಾರು ಕರೆದು ಕೆಲಸ ಕೊಡುತ್ತಾರೆ?

ರಿಜಿಸ್ಟರ್ ಒಂದೇ ಕಾಣೆಯಾದರೆ ಬೆರಳು ತನ್ನ ಕಡೆಗೇ ತಿರುಗುತ್ತದೆ. ಅದಿರುವ ಇಡೀ ದಾಖಲೆ ಕೋಣೆಯೇ ಸುಟ್ಟುಹೋದರೆ? ಈ ಯೋಚನೆ ಬಂದ ಮೇಲೆ ಅವನು ಕೂರಲಿಲ್ಲ, ನಿಲ್ಲಲಿಲ್ಲ.

ಮರುದಿನ ಎಲ್ಲರೂ ಊಟಕ್ಕೆಂದು ಎದುರಿನ ಕ್ಯಾಂಟೀನಿಗೆ ಹೋದರು. ಅವನು ನೆಲಮಾಳಿಗೆಗೆ ಇಳಿದು, ಚಾವಣಿಯ ಕೊಳವೆಗಳಿಗೆ ನೀರು ಬಿಡುವ ವಾಲ್ವ್ ಮುಚ್ಚಿದ. ಮೇಲೆ ಬಂದು, ದಾಖಲೆ ಕೋಣೆಯ ಹರಿದ ಕಾಗದದ ರಾಶಿಯೊಳಗೆ ಗಿಡ್ಡ ಮೇಣದಬತ್ತಿ ಹಚ್ಚಿಟ್ಟ. ಇನ್ನು ಮೂತಿಗಳು ಒಡೆದರೂ ಹನಿ ನೀರು ಬರುವುದಿಲ್ಲ. ಎಲ್ಲ ಬೂದಿಯಾಗುವ ಹೊತ್ತಿಗೆ ತಾನೇ ಓಡಿಹೋಗಿ ವಾಲ್ವ್ ತೆರೆದುಬಿಟ್ಟರಾಯಿತು. ಅಗ್ನಿಶಾಮಕದವರು ಮೊದಲು ಮುಟ್ಟಿ ನೋಡುವುದೇ ಅದನ್ನು. ತೆರೆದಿದ್ದರೆ, ನೀರು ಮೊದಲಿನಿಂದಲೂ ಹರಿದಿದೆ, ಬೆಂಕಿಯೇ ಜೋರಾಗಿತ್ತು ಎಂದುಕೊಳ್ಳುತ್ತಾರೆ.

ಕ್ಯಾಂಟೀನಿನಲ್ಲಿ ಅಕ್ಕನ ಗಂಡನ ಪಕ್ಕ ಕೂತ. ಆತ ಅದೇ ಕಚೇರಿಯ ಕಾವಲುಗಾರ, ಭಾವಮೈದುನನೆಂದರೆ ಪ್ರಾಣ.

"ಏನೋ, ಕೂತಲ್ಲಿ ಕೂರ್ತಾ ಇಲ್ಲ? ಇರುವೆ ಕಚ್ತಾ?"

"ಸೆಕೆ, ಭಾವ."

ಅನ್ನ ಕಲಸುತ್ತಾ ಎದುರಿನ ದಾಖಲೆ ಕೋಣೆಯ ಕಿಟಕಿಯನ್ನೇ ನೋಡುತ್ತಿದ್ದ. ಕೊನೆಗೂ ಕಿಟಕಿಯಿಂದ ಹೊಗೆ ಬಂತು, ಕೂಗಾಟವಾಯಿತು, ಎಲ್ಲರೂ ರಸ್ತೆಯಲ್ಲಿ ನೆರೆದರು. ಅವನು ಕಾಲು ಗಂಟೆ ತಡೆದ. ಆ ಕಿಟಕಿ ಪೂರಾ ಕೆಂಪಾದಾಗ, "ಪಂಪ್ ನೋಡ್ಕೊಂಡು ಬರ್ತೀನಿ!" ಎಂದು ಕೂಗಿ, ಭಾವ ತಡೆದರೂ ಕೇಳದೆ ಒಳಗೆ ನುಗ್ಗಿದ. ವಾಲ್ವ್ ತಿರುಗಿಸಿದ. ಕೊಳವೆಯಲ್ಲಿ ನೀರು ಭೋರ್ಗರೆಯಿತು. ಅಬ್ಬಾ, ಎದೆ ಹಗುರಾಯಿತು.

ಮುಖ ಒರೆಸಿಕೊಂಡು ಹೊರಗೆ ಬಂದರೆ ಅವನತ್ತ ಯಾರೂ ನೋಡುತ್ತಿಲ್ಲ. ಎಲ್ಲರ ಕಣ್ಣೂ ಬಾಗಿಲ ಮೇಲಿನ ಗೋಡೆಗೆ ನೆಟ್ಟಿತ್ತು. ಅಲ್ಲಿ ತುಕ್ಕು ಹಿಡಿದ ದುಂಡನೆಯ ಗಂಟೆಯೊಂದು ಕಿವಿ ಗಡಚಿಕ್ಕುವಂತೆ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಕರೆಂಟು ಬೇಡ. ಸ್ಪ್ರಿಂಕ್ಲರಿಗೆ ನೀರು ಹರಿದಾಗ ಆ ರಭಸಕ್ಕೇ ಅದರ ಸುತ್ತಿಗೆ ತಿರುಗುತ್ತದೆ. "ಗಂಟೆ ಬಾರಿಸಿ ನೋಡಿದೆ, ಸರಿಯಾಗಿದೆ" ಎಂದು ಮೂವತ್ತಾರು ಸಲ ಬರೆದಿದ್ದ ಅವನು ಒಮ್ಮೆಯೂ ಅದರ ಸದ್ದು ಕೇಳಿರಲಿಲ್ಲ. ಅಂಥದೊಂದು ಇದೆಯೆಂಬುದೇ ಮರೆತುಹೋಗಿತ್ತು. ಭಾವ ಹೆಮ್ಮೆಯಿಂದ ಉಬ್ಬಿಹೋಗಿದ್ದ. "ನೋಡಿ ಮೇಡಂ, ಇಷ್ಟು ಹೊತ್ತೂ ತೆಪ್ಪಗಿತ್ತು. ನಮ್ಮ ಹುಡುಗ ಕೆಳಗಿಳಿದು ಕೈ ಇಟ್ಟಿದ್ದೇ ತಡ, ಹೊಡ್ಕೊಳ್ಳೋಕೆ ಶುರು ಆಯ್ತು!" ಮೇಡಂ ಗಂಟೆಯನ್ನು ನೋಡಿದರು, ಆಮೇಲೆ ಅವನನ್ನು, ಆಮೇಲೆ ಕೈಗಡಿಯಾರವನ್ನು.