ಕ್ಯಾಬಿನ್ನಿನ ಹಿಂದಿನ ಗೋಡೆ

"ಅತ್ತಿಗೆ, ಬಗ್ಗಿ!"

ಕಿರುಚಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಟಿಪ್ಪರ್ ಗುದ್ದಿತು.

ಧಡಾರ್!

ಸ್ಟೀರಿಂಗನ್ನು ಯಾರೋ ಕೈಯಿಂದ ಕಿತ್ತುಕೊಂಡಂತಾಯಿತು. ಎಡಕ್ಕೆ ಪ್ರಪಾತ. ಬಲಕ್ಕೆ ಬಂಡೆ. ಮುಂದೆ ಬರೀ ಇಳಿಜಾರು. ನಮ್ಮದು ಮುದಿ ಮಿಲಿಟರಿ ಟ್ರಕ್ಕು... ಹಿಂದಿನದು ಕಲ್ಲು ಹೊರುವ ಹೊಸ ಟಿಪ್ಪರ್. ಅದರ ಡ್ರೈವರನ್ನು ಕನ್ನಡಿಯಲ್ಲೇ ಗುರುತು ಹಿಡಿದೆ. ಗೂಳಿ! ಕ್ವಾರಿ ದಣಿಯ ಬಲಗೈ.

"ಇವನಿಗೇನು ಹುಚ್ಚು ಹಿಡಿದಿದ್ಯಾ?" ಅತ್ತಿಗೆ ಕೂಗಿದರು.

"ಹುಚ್ಚಲ್ಲ ಅತ್ತಿಗೆ. ದಣಿ ಆರ್ಡರ್!"

ಇನ್ನೊಂದು ಗುದ್ದು. ನಾನು ಬ್ರೇಕ್ ತುಳಿದೆ.

ಆಗ ಆ ಸದ್ದು ಕೇಳಿಸಿತು.

ಎಂಜಿನ್ನಿನದಲ್ಲ. ಟಿಪ್ಪರಿನದೂ ಅಲ್ಲ. ನಮ್ಮ ಬೆನ್ನ ಹಿಂದೆ, ಕ್ಯಾಬಿನ್ ಗೋಡೆಯ ಆಚೆ, ಏನೋ ಉರುಳಿ ಬಂದು ತಗಡಿಗೆ ಬಡಿಯಿತು. ಯಾರೋ ಹೊರಗೆ ನಿಂತು ಮೆತ್ತಗೆ ಬಾಗಿಲು ತಟ್ಟಿದ ಹಾಗೆ.

"ಹಿಂದೆ ಏನಾದ್ರೂ ಸಾಮಾನು ಇಟ್ಟಿದ್ದೀರಾ?"

"ಇಲ್ವಲ್ಲ. ಪೂರ್ತಿ ಖಾಲಿ."

ಯೋಚಿಸಲು ಪುರುಸೊತ್ತು ಎಲ್ಲಿತ್ತು? ತಿರುವು ಬಂತು. ಗೂಳಿ ಮತ್ತೆ ವೇಗ ಹೆಚ್ಚಿಸಿದ. ಅವನು ಹತ್ತಿರ ಬರುವವರೆಗೂ ನಾನು ಕಾದು, ಎರಡೂ ಕಾಲಿನ ಬಲ ಹಾಕಿ ಬ್ರೇಕ್ ಅದುಮಿದೆ. ಟ್ರಕ್ಕಿನ ಹಿಂಬದಿಯ ಕೊಂಡಿ, ತೋಪುಗಳನ್ನು ಎಳೆಯಲೆಂದೇ ಮಾಡಿದ ಕಬ್ಬಿಣದ ಮುದ್ದೆ, ನೆಟ್ಟಗೆ ಟಿಪ್ಪರಿನ ರೇಡಿಯೇಟರಿಗೆ ನುಗ್ಗಿತು. ಬುಸ್ಸೆಂದು ಹಬೆ! ಗೂಳಿಯ ಟಿಪ್ಪರ್ ಬಂಡೆಗೆ ಒರಗಿ ನಿಂತಿತು.

ನಾವು ನಿಲ್ಲಲಿಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕತೆ ಹೇಳಬೇಕು, ಕೇಳಿ.

ಕಳುವಾದ ಗಾಡಿಗಳನ್ನು ಹುಡುಕಿ ತರುವುದು ನನ್ನ ಕಸುಬು. ಅದಕ್ಕೆ ಮೊದಲು ಪೊಲೀಸಿನಲ್ಲಿದ್ದೆ. ನನ್ನ ಅಣ್ಣ ಸೈನ್ಯದಲ್ಲಿ ಡ್ರೈವರ್. ಈ ಟ್ರಕ್ಕನ್ನು ಹಿಮದಲ್ಲಿ, ಮರಳಲ್ಲಿ, ಗುಂಡಿನ ನಡುವೆ ಓಡಿಸಿದವನು. ಸೈನ್ಯ ಅದನ್ನು ಹರಾಜಿಗೆ ಹಾಕಿದಾಗ ಕ್ವಾರಿ ದಣಿ ಕೊಂಡ. ಅಣ್ಣ ನಿವೃತ್ತನಾಗಿ ಬಂದವನೇ ದಣಿಯ ಹತ್ತಿರ ಕೆಲಸಕ್ಕೆ ಸೇರಿದ. ಸಂಬಳಕ್ಕಲ್ಲ. ಟ್ರಕ್ಕಿಗಾಗಿ! ದಣಿ ಅದಕ್ಕೆ ಮಾಡಿದ ಅಲಂಕಾರ ಕಂಡು ಅಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು. ಹಸಿರು ಮೈಗೆ ಹಳದಿ ಬಣ್ಣ. ಹೊಳೆಯುವ ಬಂಪರ್. ಮುಂದಿನ ವಿಂಚ್, ಉಕ್ಕಿನ ಹಗ್ಗ ಸುತ್ತಿ ಎಳೆಯುವ ಯಂತ್ರ, ಕಿತ್ತು ಮೂಲೆಗೆ, ಹಿಂದಿನ ಕೊಂಡಿ ಕಿತ್ತು ಗುಜರಿಗೆ.

"ಒಂದಲ್ಲ ಒಂದಿನ ಇವಳನ್ನ ಮೊದಲಿದ್ದ ಹಾಗೆ ಮಾಡ್ತೀನಿ ನೋಡು," ಅನ್ನುತ್ತಿದ್ದ.

ಮಾಡಲಿಲ್ಲ. ಒಂದು ದಿನ ಕೆಲಸಕ್ಕೆ ಹೋದವನು ಮನೆಗೆ ಬರಲೇ ಇಲ್ಲ.

"ಯಾರೋ ಹೆಂಗಸಿನ ಜೊತೆ ಬಸ್ ಹತ್ತಿದ," ಅಂದ ದಣಿ. ಊರೆಲ್ಲ ನಂಬಿತು. ಅತ್ತಿಗೆ ನಂಬಲಿಲ್ಲ. ಅವರು ಅದೇ ಕ್ವಾರಿಯಲ್ಲಿ ವೆಲ್ಡರ್ ಆಗಿದ್ದವರು. ಮಾರನೇ ವಾರವೇ ಕೆಲಸ ಬಿಟ್ಟು ಸ್ವಂತ ಶೆಡ್ ಹಾಕಿಕೊಂಡರು. ಟ್ರಕ್ಕೂ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಅಣ್ಣನನ್ನು ಹುಡುಕಿದೆ. ಅಣ್ಣ ಸಿಗಲಿಲ್ಲ... ವರ್ಷಗಳ ಮೇಲೆ ಟ್ರಕ್ಕು ಸಿಕ್ಕಿತು!

ಸಿಕ್ಕಿದ್ದು ಗುಜರಿಯಲ್ಲಿ, ಕೆಸರು ಮೆತ್ತಿಕೊಂಡು. ಹಳೆ ಕ್ವಾರಿ ಗುಂಡಿಯ ನೀರನ್ನು ಸರ್ಕಾರದವರು ಪಂಪು ಹಚ್ಚಿ ಖಾಲಿ ಮಾಡಿಸಿದಾಗ ತಳದಲ್ಲಿ ಕೂತಿತ್ತಂತೆ.

"ದಣಿ ಇದನ್ನ ಚೂರು ಚೂರು ಮಾಡು ಅಂದ್ರು," ಅಂದ ಗುಜರಿಯವನು. "ಇಡಿಯಾಗಿ ಕೇಳೋರು ನೀವೊಬ್ರು ಸಿಕ್ಕಿದ್ರಿ. ಅವರಿಗೆ ಹೇಳ್ಬೇಡಿ ಮತ್ತೆ."

ಅತ್ತಿಗೆ ಟ್ರಕ್ಕಿನ ಬಾಗಿಲ ಮೇಲೆ ಕೈಯಿಟ್ಟರು. ಆಮೇಲೆ ಸೆರಗು ಸಿಕ್ಕಿಸಿದರು. "ನಿಮ್ಮಣ್ಣನಿಗೆ ಬೇಕಾದ ಹಾಗೆ ಮಾಡೋಣ," ಅಂದರು.

ಮಾಡಿದೆವು. ಎಂಜಿನ್ ಇಳಿಸಿ ತೊಳೆದೆವು. ವಿಂಚ್ ಹುಡುಕಿ ತಂದೆವು, ಕೊಂಡಿ ಕೂರಿಸಿದೆವು. ಹೊರಗಿನ ಹಳದಿ ಕೆರೆದು ಹಸಿರು ಬಳಿದೆವು. ಸಾಮಾನು ಹೊರುವ ಹಿಂದಿನ ತೊಟ್ಟಿಯ ಒಳಮೈ ಮಾತ್ರ ಬಾಕಿ. ಅಷ್ಟರಲ್ಲಿ ಓಡಿಸಿ ನೋಡೋಣ ಅಂತ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿದೆವು. ಯಾರದೋ ಕಣ್ಣಿಗೆ ಬಿತ್ತು. ದಣಿಯ ಕಿವಿಗೂ ಬಿತ್ತು.

ಆಮೇಲೆ, ವಾಪಸು ಬರುವ ಘಾಟಿಯಲ್ಲಿ, ಆ ಟಿಪ್ಪರ್!

ಗೂಳಿಯನ್ನು ಹಿಂದೆ ಬಿಟ್ಟು ಅತ್ತಿಗೆಯ ಶೆಡ್ಡು ತಲುಪಿದೆವು. ಅದರ ಎದುರಿನ ಏರು ಕಡಿದು. ಗುದ್ದು ತಿಂದ ಟ್ರಕ್ಕು ಹತ್ತಲಾರದೆ ಕೆಮ್ಮಿತು. ವಿಂಚಿನ ಉಕ್ಕಿನ ಹಗ್ಗವನ್ನು ಶೆಡ್ಡಿನ ಒಳಗೋಡೆಯ ಕಂಬಕ್ಕೆ ಸಿಕ್ಕಿಸಿ ಟ್ರಕ್ಕನ್ನು ಒಳಗೆ ಎಳೆದುಕೊಂಡೆವು. ಅದನ್ನು ಬಿಚ್ಚಿಡುವ ವ್ಯವಧಾನ ಇಬ್ಬರಿಗೂ ಇರಲಿಲ್ಲ.

"ಆ ಸದ್ದು," ಅಂದರು ಅತ್ತಿಗೆ.

"ಹೂಂ."

ತೊಟ್ಟಿಗೆ ಹತ್ತಿದೆವು. ಟಾರ್ಪಾಲಿನ ಕಮಾನು ನಿಲ್ಲಿಸುವ ಗೂಡುಗಳು ಹೊರಮೈಯಲ್ಲಿ ಐದು. ಒಳಗೆ ಎಣಿಸಿದರೆ ನಾಲ್ಕು! ಐದನೆಯದನ್ನು ಗೋಡೆ ನುಂಗಿತ್ತು. ಅಂದರೆ ಕ್ಯಾಬಿನ್ನಿನ ಹಿಂದೆ ಇದ್ದದ್ದು ಒಂದು ಗೋಡೆಯಲ್ಲ. ಎರಡು. ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ.

"ಕಳ್ಳ ಜಿಲೆಟಿನ್ ಸಾಗಿಸೋಕೆ," ಅಂದೆ. ದಣಿ ಲೈಸೆನ್ಸ್ ಇಲ್ಲದೆ ಬಂಡೆ ಸಿಡಿಸುವ ವಿಷಯ ಊರಿಗೇ ಗೊತ್ತಿತ್ತು. ಸರಕು ಎಲ್ಲಿಂದ ಹೇಗೆ ಬರುತ್ತದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅತ್ತಿಗೆ ಹಳದಿ ಬಣ್ಣ ಕೆರೆಯತೊಡಗಿದರು. ಕೆಳಮೂಲೆಯಲ್ಲಿ ಒಂದು ಚೌಕ ಕಾಣಿಸಿತು. ಸಣ್ಣ ಬಾಗಿಲು. ಸುತ್ತಲೂ ವೆಲ್ಡಿಂಗ್ ಮಾಡಿ ಮುಚ್ಚಿದ್ದರು.

ಅತ್ತಿಗೆಯ ಕೈ ನಿಂತಿತು.

"ಏನಾಯ್ತು?"

ಅವರು ಆ ಗೆರೆಯ ಮೇಲೆ ಬೆರಳು ಆಡಿಸಿದರು. ಎಡಗೈ ಬೆರಳು. ಅತ್ತಿಗೆ ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುವವರು. ಅವರ ಬೆಸುಗೆಯ ಅಲೆಗಳು ಉಳಿದವರದಕ್ಕಿಂತ ತಿರುಗುಮುರುಗಾಗಿ, ಬಲದಿಂದ ಎಡಕ್ಕೆ ವಾಲುತ್ತವೆ.

ಈ ಅಲೆಗಳೂ ವಾಲಿದ್ದವು.

"ಇದು ನಂದು ಕಣೋ," ಅಂದರು. ದನಿ ಯಾರದೋ ಆಗಿತ್ತು. "ಈ ವೆಲ್ಡಿಂಗ್ ನಂದು..."

ಅವರು ಆ ಗೆರೆಯಿಂದ ಬೆರಳು ತೆಗೆಯಲಿಲ್ಲ.

"ಅವರು ಬರದೇ ಇದ್ದ ಮಾರನೇ ದಿನ. ಗಂಡ ಎಲ್ಲಿ ಅಂತ ದಣೀನ ಕೇಳೋಕೆ ಹೋಗಿದ್ದೆ. ಮೊದಲು ಇದೊಂದು ಬೆಸುಗೆ ಹಾಕು, ಧೂಳು ನುಗ್ಗತ್ತೆ, ಆಮೇಲೆ ಮಾತಾಡೋಣ ಅಂದ. ಎಂಜಿನ್ ಓಡ್ತಾ ಇತ್ತು. ಆಫ್ ಮಾಡಿ ಅಂದೆ. ಬೇಡ, ಹಾಗೇ ಇರಲಿ ಅಂದ. ಅಳ್ತಾ ಅಳ್ತಾ ಹಾಕಿದೆ ಕಣೋ, ಆಮೇಲೆ ಮರೆತೇ ಹೋಗಿತ್ತು..."

ಓಡುವ ಎಂಜಿನ್... ಯಾವ ಸದ್ದನ್ನು ಮುಚ್ಚಲು?

"ನೀವು ಹೊರಗೆ ಹೋಗಿ. ನಾನು ಕತ್ತರಿಸ್ತೀನಿ."

"ಹಾಕಿದ್ದು ನಾನು. ತೆಗೆಯೋದೂ ನಾನೇ."

ಗ್ರೈಂಡರ್ ಕಿರುಚಿತು. ಕಿಡಿ ಹಾರಿತು. ಕೊನೆಯ ಅಂಚು ಬಿಟ್ಟುಕೊಂಡಾಗ ತಗಡನ್ನು ನಾನು ಹಿಡಿದೆ.

ಮೊದಲು ನೋಡಿದವನು ನಾನೇ.

ಅಣ್ಣ ಕೂತಿದ್ದ. ಅಣ್ಣನಲ್ಲಿ ಉಳಿದದ್ದು ಕೂತಿತ್ತು. ಎದೆಯ ಮೇಲೆ ಅವನ ನಂಬರ್ ಕೆತ್ತಿದ ಸೈನ್ಯದ ಬಿಲ್ಲೆ. ಕಾಲ ಬಳಿ ತುಕ್ಕು ಹಿಡಿದ ದೊಡ್ಡ ಸ್ಪ್ಯಾನರ್. ಉರುಳುತ್ತಿದ್ದದ್ದು ಅದು.

ಕೈಯಲ್ಲಿದ್ದ ತಗಡಿನ ಒಳಮೈ ನೋಡಿದೆ. ತಗ್ಗುಗಳು. ಒಂದರ ಪಕ್ಕ ಒಂದು... ಒಂದರ ಮೇಲೆ ಒಂದು. ಒಳಗಿನಿಂದ ಬಡಿದ ತಗ್ಗುಗಳು!

ತಗಡನ್ನು ಬೋರಲು ಮಲಗಿಸಿ ಮೇಲೆ ಟಾರ್ಪಾಲು ಎಳೆದೆ. ಆಮೇಲೆ ಪಕ್ಕಕ್ಕೆ ಸರಿದೆ.

ಅತ್ತಿಗೆ ಮಂಡಿಯೂರಿದರು. ಅಳಲಿಲ್ಲ. ಒಳಗೆ ಕೈ ಚಾಚಿ, ಬಿಲ್ಲೆಯ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು. "ಬಸ್ ಹತ್ತಿದ್ರಂತೆ," ಅಂದರು. ಅಷ್ಟೆ.

ಹೊರಗೆ ಜೀಪು ನಿಂತ ಸದ್ದು.

"ಕೆಳಗಿಳೀರಿ ಇಬ್ರೂ!"

ದಣಿ. ಕೈಯಲ್ಲಿ ಪಿಸ್ತೂಲು. ಹಿಂದೆ ಹಣೆಗೆ ಬಟ್ಟೆ ಸುತ್ತಿಕೊಂಡ ಗೂಳಿ, ಕಬ್ಬಿಣದ ರಾಡು ಹಿಡಿದು.

"ಲಾರಿ ನಂದು," ಅಂದ ದಣಿ. "ಸ್ಟಾರ್ಟ್ ಮಾಡು. ಹೊರಗೆ ತೆಗಿ. ನಿನ್ನ ಅತ್ತಿಗೆ ಗೂಳಿ ಹತ್ರ ಇರ್ತಾಳೆ. ಆಟ ಆಡಿದ್ರೆ..."

"ಆಟ ಆಡೋ ವಯಸ್ಸಾ ದಣಿ ನಂದು?"

ಕ್ಯಾಬಿನ್ನಿಗೆ ಹತ್ತಿ ಸ್ಟಾರ್ಟ್ ಮಾಡಿದೆ. ದಣಿ ಟ್ರಕ್ಕಿನ ಮುಂದೆ ನಿಂತು ಗಾಜಿನ ಆಚೆಯಿಂದ ನನ್ನ ಹಣೆಗೆ ಗುರಿಯಿಟ್ಟ. ಅವನ ಎರಡು ಕಾಲ ನಡುವೆ, ಸಡಿಲವಾಗಿ ನೆಲದಲ್ಲಿ ಬಿದ್ದಿತ್ತು ಕಂಬಕ್ಕೆ ಸಿಕ್ಕಿಸಿದ್ದ ಉಕ್ಕಿನ ಹಗ್ಗ.

"ರಿವರ್ಸ್ ತಗೋ!"

ನಾನು ಗೇರ್ ಮುಟ್ಟಲಿಲ್ಲ. ವಿಂಚಿನ ಲಿವರ್ ಎಳೆದೆ.

ಹಗ್ಗ ಹಾವಿನಂತೆ ಮೇಲೆದ್ದಿತು! ದಣಿ ಮಗುಚಿ ಬಿದ್ದ. ಗುಂಡು ಸೂರಿಗೆ ಹಾರಿತು. ಪಿಸ್ತೂಲು ಎಲ್ಲೋ. ಬಿಗಿದ ಹಗ್ಗಕ್ಕೂ ಬಂಪರಿಗೂ ನಡುವೆ ಅವನ ಪಾದ ಸಿಕ್ಕಿಕೊಂಡಿತು.

"ಗೂಳೀ! ಬಾರೋ!"

ಗೂಳಿ ಬರಲಿಲ್ಲ. ನಾನು ಕೆಳಗೆ ಹಾರಿ ತಿರುಗಿ ನೋಡಿದೆ. ಅವನು ತೊಟ್ಟಿಯ ಅಂಚಿಗೆ ಹತ್ತಿ ಆ ಸಣ್ಣ ಬಾಗಿಲಿನ ಒಳಗೆ ನೋಡುತ್ತಿದ್ದ. ರಾಡು ಕೈಯಿಂದ ಜಾರಿತು. ಅವನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು ನನ್ನಣ್ಣ.

"ಓಡಿಹೋದ ಅಂದಿದ್ರಲ್ಲ ದಣಿ..." ಅಷ್ಟು ದೊಡ್ಡ ದೇಹದಿಂದ ಚಿಕ್ಕ ಹುಡುಗನ ದನಿ. "ಅಣ್ಣ ಓಡಿಹೋದ ಅಂದಿದ್ರಲ್ಲ!"

"ಪೊಲೀಸರಿಗೆ ಫೋನ್ ಮಾಡು," ಅಂದರು ಅತ್ತಿಗೆ ಅವನಿಗೆ. ಅವನು ಮಾಡಿದ.

ನಾನು ದಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಯಾಕೆ?"

"ಜಿಲೆಟಿನ್ ವಿಷಯ ಪೊಲೀಸಿಗೆ ಹೇಳ್ತೀನಿ ಅಂದ... ತಲೆಗೆ ಹೊಡೆದೆ... ಕಾಲು! ಅಯ್ಯೋ, ಹಗ್ಗ ಬಿಡು!"

ನಾನು ಇನ್ನೂ ಹತ್ತಿರ ಬಗ್ಗಿದೆ. ಅತ್ತಿಗೆಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದೆ. "ಬಾಗಿಲು ಮುಚ್ಚಿಸಿದಾಗ ಉಸಿರಿತ್ತಾ?"

ಅವನ ಕಣ್ಣು ಅತ್ತಿತ್ತ ಓಡಿತು.

"ಇಲ್ಲ! ಆಣೆ ಮಾಡ್ತೀನಿ. ಮೊದಲೇ ಸತ್ತಿದ್ದ. ನನ್ನ ಮಕ್ಕಳಾಣೆ!"

ಎಷ್ಟೋ ಸುಳ್ಳುಗಾರರನ್ನು ಹತ್ತಿರದಿಂದ ನೋಡಿದ್ದೇನೆ. ಆ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು.

ಇನ್ಸ್‌ಪೆಕ್ಟರ್ ನನ್ನ ಹಳೆಯ ಸ್ನೇಹಿತ. ಟಾರ್ಪಾಲು ಸುತ್ತಿದ ತಗಡನ್ನು ನಾನೇ ಅವನ ಜೀಪಿಗೆ ಹೊತ್ತು ಹಾಕಿದೆ. "ಅತ್ತಿಗೆ ಎದುರಿಗೆ ಇದನ್ನ ಬಿಚ್ಚಬೇಡ," ಅಂದೆ. ಅವನು ಯಾಕೆಂದು ಕೇಳಲಿಲ್ಲ. ದಣಿ ಆಮೇಲೆ ಕೊಲೆ ಒಪ್ಪಿಕೊಂಡು ಜೈಲಿಗೆ ಹೋದ. ಗೂಳಿ ಸಾಕ್ಷಿ ಹೇಳಿದ. ತಗಡು ಎಲ್ಲರ ಮುಂದೆ ಬರುವ ಸಂದರ್ಭವೇ ಬರಲಿಲ್ಲ.

ಟ್ರಕ್ಕು ವಾಪಸು ಬಂದಾಗ ಅತ್ತಿಗೆ ಆ ಸುಳ್ಳು ಗೋಡೆಯನ್ನು ಬುಡಸಮೇತ ಕತ್ತರಿಸಿ ತೆಗೆದರು. ಐದನೇ ಕಮಾನು ಕೂರಿಸಿದರು. ಒಳಮೈಗೆ ಹಸಿರು ಬಳಿದರು. ಹಳದಿಯ ಚುಕ್ಕೆಯೂ ಉಳಿಯಲಿಲ್ಲ.

ಬ್ರಷ್ ತೊಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದರು.

"ಅವತ್ತು ಅವನ ಕಿವಿಯಲ್ಲಿ ಏನೋ ಕೇಳಿದ್ಯಲ್ಲ."

"ಕೇಳಿದೆ."

"ಏನಂದ?"

"ನೀವು ಕೈ ಹಚ್ಚೋಕೆ ಮುಂಚೆನೇ ಅಣ್ಣ ಹೋಗಿದ್ನಂತೆ."

ಅತ್ತಿಗೆ ಈಗ ತಲೆಯೆತ್ತಿದರು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ನಾನು ರೆಪ್ಪೆ ಬಡಿಯಲಿಲ್ಲ.

"ನೀನು ನಂಬಿದ್ಯಾ?"

"ನಂಬಿದೆ ಅತ್ತಿಗೆ."

ಇಷ್ಟು ವರ್ಷ ಸುಳ್ಳುಗಾರರ ಬಾಯಿಂದ ನಿಜ ಕಕ್ಕಿಸಿಯೇ ಅನ್ನ ತಿಂದವನು ನಾನು... ಆವತ್ತು ಒಬ್ಬ ಕೊಲೆಗಾರನ ಸುಳ್ಳನ್ನು ಎರವಲು ತಂದು, ಅವನಿಗಿಂತ ಚೆನ್ನಾಗಿ ಹೇಳಿದೆ!